ಎರಡೂವರೆ ದಿನ ಒಣಕಾಡಿನಲ್ಲಿ: ಕೊಂಡುಕುರಿ, ಜೋಗಿಮಟ್ಟಿ, ಕಲ್ಲಿನ ಕೋಟೆ

ಶುಕ್ರವಾರ ರಾತ್ರಿ

ರಜೆ ಬಂತೆಂದರೆ ದಾವಣಗೆರೆಯ ಗಾಡಿಗಳೆಲ್ಲ ಮಲೆನಾಡಿನ ಕಡೆ ಮುಖ ಮಾಡುತ್ತವೆ. ಜಗಳೂರಿನ ದಾರಿ ಹಿಡಿದವರಿಗೆ ‘ಅಲ್ಲೇನೈತ್ರೀ, ಬರೀ ಜಾಲಿ, ಕಲ್ಲು’ ಎನ್ನುವವರೇ ಹೆಚ್ಚು. ಜಾಲಿಯೂ ನಿಜ, ಕಲ್ಲೂ ನಿಜ. ಅವೆರಡರ ನಡುವೆಯೇ ಕೊಂಡುಕುರಿ ಎಂಬ ನಾಲ್ಕು ಕೊಂಬಿನ ಹುಲ್ಲೆ, ಕರಡಿ, ಚಿರತೆ, ನರಿ ಸಂಸಾರ ಹೂಡಿವೆ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ಸೀಮೆ ಇದು. ಪ್ರಾಣಿಯಾಗಲಿ, ಪಾಳೆಯಗಾರರಾಗಲಿ ನೀರು ನಿಂತ ಕಡೆಯೇ ನೆಲೆ ಕಂಡುಕೊಂಡರು. ಈ ಪ್ರವಾಸದ ದಾರಿಯೂ ಹಾಗೇ ನೀರಿನ ಬೆನ್ನು ಹಿಡಿದಿದೆ. ಶನಿವಾರ ರಂಗಯ್ಯನದುರ್ಗದ ಕಾಡು, ಭಾನುವಾರ ಜೋಗಿಮಟ್ಟಿ ಮತ್ತು ಚಂದ್ರವಳ್ಳಿ, ಸೋಮವಾರ ಅರ್ಧ ದಿನ ಚಿತ್ರದುರ್ಗ ಕೋಟೆಯ ಹೊಂಡಗಳು, ಆಮೇಲೆ ಮಾರಿಕಣಿವೆಯ ಅಣೆಕಟ್ಟೆ. ದಾವಣಗೆರೆಯಿಂದ ಹೊರಟು ದಾವಣಗೆರೆಗೇ ಮರಳಿದರೆ ಹೆಚ್ಚುಕಡಿಮೆ 350 ಕಿ.ಮೀ. ಬೆಂಗಳೂರಿನವರು 200 ಕಿ.ಮೀ. ಬಂದು ಚಿತ್ರದುರ್ಗದಲ್ಲಿ ಸೇರಿಕೊಳ್ಳಬಹುದು.

ಕಾಲ ಯಾವುದು ಎಂಬುದು ಮೊದಲ ಪ್ರಶ್ನೆ. ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಸರಿ. ಫೆಬ್ರವರಿ, ಮಾರ್ಚ್‌ನಲ್ಲಿ ಎಲೆ ಉದುರಿ ಪ್ರಾಣಿ ಇನ್ನೂ ಚೆನ್ನಾಗಿ ಕಾಣುತ್ತದೆ. ಆದರೆ ಅದು ಬೆಂಕಿಯ ಕಾಲ, ಯಾವ ದಿನ ಯಾವ ಗೇಟಿಗೆ ಬೀಗ ಬೀಳುತ್ತದೋ ಹೇಳಲಾಗದು. ಏಪ್ರಿಲ್, ಮೇ ತಿಂಗಳಿಗೆ ಎಳ್ಳುನೀರು ಬಿಡಿ.

ಅನುಮತಿಯ ಕೆಲಸ ಶುಕ್ರವಾರದೊಳಗೆ ಮುಗಿದಿರಬೇಕು. ರಂಗಯ್ಯನದುರ್ಗ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಒಳಗೆ ಕಾಲಿಟ್ಟರೆ ಅದೇ ಅಪರಾಧ. ಹೆಸರು, ಗುರುತಿನ ಚೀಟಿಯ ಜೆರಾಕ್ಸ್, ಗಾಡಿ ನಂಬರ್, ತಾರೀಖು, ಪಕ್ಷಿ–ಪ್ರಾಣಿ ವೀಕ್ಷಣೆ ಎಂಬ ಉದ್ದೇಶ ಇಷ್ಟನ್ನು ಬರೆದ ಅರ್ಜಿಯನ್ನು ಅರಣ್ಯ ಇಲಾಖೆಗೆ ನಾಲ್ಕೈದು ದಿನ ಮೊದಲೇ ಕೊಡಿ. ಎರಡನೇ ಮತ್ತು ನಾಲ್ಕನೇ ಶನಿವಾರ ಸರ್ಕಾರಿ ಕಚೇರಿಗೆ ರಜೆ. ‘ಹೋದಾಗ ಕೇಳಿದರಾಯ್ತು’ ಎಂದುಕೊಂಡವರು ಮುಚ್ಚಿದ ಬಾಗಿಲು ನೋಡಿ ಮರಳುವುದು ಇದರಿಂದಲೇ. ಡ್ರೋನ್ ಒಯ್ಯುವ ಯೋಚನೆ ಇದ್ದರೆ ಮನೆಯಲ್ಲೇ ಬಿಡಿ.

ಇನ್ನು ಗಂಟುಮೂಟೆ. ನೀರು ತಲೆಗೆ ದಿನಕ್ಕೆ 4 ಲೀಟರ್, ಅದರಲ್ಲಿ ಒಂದು ಬಾಟಲಿ ಫ್ರೀಜರಿನಲ್ಲಿ ಗಟ್ಟಿಯಾಗಿಸಿದ್ದು. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಗೀಟಿದ ಚಮಚ. ಉಪ್ಪು ಜಾಸ್ತಿಯಾದರೆ ಕುಡಿದ ನೀರೂ ಮೈಗೆ ಹತ್ತುವುದಿಲ್ಲ. ಊಟಕ್ಕೆ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ. ಅವು ಬಿಸಿಲಿಗೆ ಹಳಸುವುದಿಲ್ಲ, ಕೋತಿಗಳಿಗೆ ದೂರದಿಂದ ವಾಸನೆಯೂ ಹೊಡೆಯುವುದಿಲ್ಲ. ಬಾಳೆಹಣ್ಣು ಬೇಡ. ಬಟ್ಟೆ ಮಣ್ಣಿನ ಬಣ್ಣದ್ದು, ತೋಳು ಪೂರ್ತಿ ಮುಚ್ಚುವಂಥದ್ದು.

ಶೂ ಬಗ್ಗೆ ಒಂದು ಮಾತು. ಓಡಲು ಹಾಕುವ ಮೆತ್ತನೆ ಸ್ಪೋರ್ಟ್ಸ್ ಶೂ ಇಲ್ಲಿ ಕೆಲಸಕ್ಕೆ ಬಾರದು. ಬಳ್ಳಾರಿ ಜಾಲಿಯ ಮುಳ್ಳು ಆ ಅಟ್ಟೆಯನ್ನು ಬೆಣ್ಣೆಯಂತೆ ತೂರಿಕೊಂಡು ಬಂದು ಅಂಗಾಲಿಗೆ ಚುಚ್ಚುತ್ತದೆ. ಗಟ್ಟಿ ರಬ್ಬರ್ ಅಟ್ಟೆಯ ಬೂಟೇ ಆಗಬೇಕು. ಹತ್ತಿಯ ಕಾಲುಚೀಲಕ್ಕೆ ಊಬು ಹುಲ್ಲಿನ ಬೀಜ ನಾಟಿಕೊಳ್ಳುತ್ತದೆ, ನುಣುಪು ನೈಲಾನ್ ಆದರೆ ಜಾರಿ ಬೀಳುತ್ತದೆ.

ಗಾಡಿಗೂ ಅದೇ ಮುಳ್ಳಿನ ಕಾಟ. ಟ್ಯೂಬ್‌ಲೆಸ್ ಟೈರಿಗೆ ಮುಳ್ಳು ಹೊಕ್ಕಿದ್ದು ಕಂಡರೆ ಅವಸರದಿಂದ ಕೀಳಬೇಡಿ, ಅದು ಹೊಕ್ಕ ತೂತನ್ನು ಅದೇ ಮುಚ್ಚಿಕೊಂಡಿರುತ್ತದೆ. ಗಾಳಿ ಇಳಿಯುತ್ತಿಲ್ಲವಾದರೆ ಹಾಗೇ ಡಾಂಬರು ರಸ್ತೆಗೆ ಬನ್ನಿ. ಇಳಿಯುತ್ತಿದ್ದರೆ ಮೊದಲು ಪಂಚರ್ ಕಿಟ್ ಬಿಚ್ಚಿಡಿ, ಸೋಪಿನ ನೀರು ಸುರಿದು ಗುಳ್ಳೆ ಏಳುವ ಜಾಗಕ್ಕೆ ಗುರುತು ಹಾಕಿ, ಆಮೇಲೆ ಮುಳ್ಳು ಕಿತ್ತು, ಅರದಂಥ ಉಳಿಯಿಂದ ತೂತು ಉಜ್ಜಿ, ಗೋಂದು ಸವರಿದ ಪಟ್ಟಿಯನ್ನು ಸೂಜಿಯಂತೆ ಕಣ್ಣಿರುವ ಇನ್ನೊಂದು ಉಳಿಗೆ ಪೋಣಿಸಿ, ಎರಡೂ ತುದಿ ಹೊರಗೆ ಒಂದು ಸೆಂಟಿಮೀಟರ್ ಉಳಿಯುವಂತೆ ತುರುಕಿ, ಆ ಉಳಿಯನ್ನು ಒಂದೇ ಏಟಿಗೆ ಎಳೆದುಕೊಳ್ಳಿ. ಮೆಲ್ಲಗೆ ಎಳೆದರೆ ಪಟ್ಟಿಯೂ ಜೊತೆಗೇ ಬರುತ್ತದೆ. ಟ್ಯೂಬ್ ಇರುವ ಬೈಕಾದರೆ ಒಂದು ಹೆಚ್ಚುವರಿ ಟ್ಯೂಬ್, ಎರಡು ಲಿವರ್, ಕೈಪಂಪು. ಕಾಡಂಚಿನ ಹಳ್ಳಿಯಲ್ಲಿ ಬೆಳಗಿನ ಜಾವ ಪಂಚರ್ ಅಂಗಡಿ ತೆರೆದಿರುವುದಿಲ್ಲ.

ಶನಿವಾರ: ರಂಗಯ್ಯನದುರ್ಗ

ಡಿಸೆಂಬರ್‌ನಲ್ಲಿ ಸೂರ್ಯ ಕಾಣುವುದು 6:40ರ ಹೊತ್ತಿಗೆ. ಅಷ್ಟರೊಳಗೆ ಕಾಡಿನ ಅಂಚಿನಲ್ಲಿ ಇರಬೇಕೆಂದರೆ ದಾವಣಗೆರೆಯನ್ನು 4:30ಕ್ಕೇ ಬಿಡಬೇಕು. ಜಗಳೂರು ಸುಮಾರು 50 ಕಿ.ಮೀ. ಬೆಣ್ಣೆದೋಸೆ ತಿಂದು ಹೊರಡೋಣ ಎಂದವರಿಗೆ ದೋಸೆ ಸಿಗುತ್ತದೆ, ಕೊಂಡುಕುರಿ ಸಿಗುವುದಿಲ್ಲ. ಪೆಟ್ರೋಲ್ ಹಿಂದಿನ ರಾತ್ರಿಯೇ ಹಾಕಿಸಿರಲಿ.

ರಂಗಯ್ಯನದುರ್ಗವನ್ನು ಕೊಂಡುಕುರಿಗಾಗಿಯೇ ವನ್ಯಜೀವಿಧಾಮ ಎಂದು ಘೋಷಿಸಿದ್ದು 2011ರಲ್ಲಿ. ವಿಸ್ತೀರ್ಣ 77 ಚ.ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಇಲ್ಲಿ ಬಂಡೀಪುರದ ಥರ ಸಫಾರಿ ಬಸ್ಸು, ಜೀಪಿನ ಸಾಲು ಎಂದು ನಿರೀಕ್ಷಿಸಬೇಡಿ. ದಿಂಡಿಗ, ಕಗ್ಗಲಿ, ಎಲಚಿ, ಕಾರೆ, ಬಂದರೆಯ ಕುರುಚಲು, ನಡುನಡುವೆ ಮೊಣಕಾಲೆತ್ತರದ ಹುಲ್ಲು, ಮಳೆ ನಿಂತ ಮೇಲೆ ಒಣಗುವ ಹಳ್ಳಗಳು. ಅನುಮತಿ ಇದ್ದವರೂ ಇಲಾಖೆಯ ಸಿಬ್ಬಂದಿಯ ಜೊತೆಗೇ ನಡೆಯಬೇಕು. ಕಾನೂನಿನ ಮಾತು ಹಾಗಿರಲಿ, ಯಾವ ಗುಂಡಿಯಲ್ಲಿ ಇನ್ನೂ ನೀರಿದೆ ಎಂಬುದು ಅವರಿಗೆ ಮಾತ್ರ ಗೊತ್ತು.

ಕೊಂಡುಕುರಿಯ ಹೆಸರಿನಲ್ಲಿ ಕುರಿ ಇದ್ದರೂ ಅದು ಕುರಿಯಲ್ಲ, ಜಿಂಕೆಯೂ ಅಲ್ಲ. ಹುಲ್ಲೆಯ ಜಾತಿ. ಮಲೆನಾಡಿನ ಕಾಡುಕುರಿ ಬೇರೆ, ಅದು ಬೊಗಳುವ ಜಿಂಕೆ. ಇದರ ಎತ್ತರ ಎರಡಡಿ, ತೂಕ 20 ಕೆ.ಜಿ. ಆಸುಪಾಸು. ಕಾಡುಪ್ರಾಣಿಗಳಲ್ಲಿ ನಾಲ್ಕು ಕೊಂಬಿನದು ಇದೊಂದೇ, ಅದೂ ಗಂಡಿಗೆ ಮಾತ್ರ. ಹಿಂದಿನ ಜೋಡಿ ಒಂದು ಗೇಣಿಗಿಂತ ಕಡಿಮೆ, ಮುಂದಿನದು ಬೆರಳಿನ ಗಿಣ್ಣಿನಷ್ಟು. ದಕ್ಷಿಣದ ಎಷ್ಟೋ ಗಂಡುಗಳಲ್ಲಿ ಮುಂದಿನ ಜೋಡಿ ಬರೀ ಬೊಕ್ಕೆಯಂತೆ ಇರುತ್ತದೆ, ಕೆಲವಕ್ಕೆ ಅದೂ ಇಲ್ಲ. ಹೀಗಾಗಿ ದುರ್ಬೀನಿನಲ್ಲಿ ನಾಲ್ಕು ಕೊಂಬು ಎಣಿಸಲು ಕುಳಿತರೆ ಎದುರಿಗೆ ಬಂದದ್ದನ್ನೂ ಗುರುತಿಸದೆ ಬಿಟ್ಟುಬಿಡುತ್ತೀರಿ. ಕಾಲು ನೋಡಿ. ಪ್ರತಿ ಕಾಲಿನ ಮುಂಭಾಗದಲ್ಲಿ ಕಪ್ಪು ಗೆರೆ ಇಳಿದಿರುತ್ತದೆ, ಮುಂಗಾಲಲ್ಲಿ ಇನ್ನೂ ಸ್ಪಷ್ಟ. ಬೆನ್ನು ಮಾಸಲು ಕಂದು, ಹೊಟ್ಟೆ ಬಿಳಿ.

ಇದು ಹಿಂಡಿನಲ್ಲಿ ಇರುವ ಪ್ರಾಣಿಯಲ್ಲ. ಒಂಟಿ, ಹೆಚ್ಚೆಂದರೆ ತಾಯಿಯ ಜೊತೆ ಮರಿ. ಓಡಾಡುವ ಜಾಗ ಸಣ್ಣದು, ಆ ಜಾಗ ಬಿಟ್ಟು ಹೋಗುವುದು ಕಡಿಮೆ. ಹುಡುಕುವವರಿಗೆ ಇದೇ ಅನುಕೂಲ, ಯಾಕೆಂದರೆ ಅದು ಹಿಕ್ಕೆ ಹಾಕಲೂ ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಆಡು–ಕುರಿಗಳು ಮೇಯುತ್ತ ನಡೆಯುತ್ತಲೇ ಉದುರಿಸುವುದರಿಂದ ಅವುಗಳ ಹಿಕ್ಕೆ ದಾರಿಯುದ್ದಕ್ಕೂ ಚೆಲ್ಲಿರುತ್ತದೆ. ಕೊಂಡುಕುರಿಯದು ಒಂದೇ ಕಡೆ ಮೊರದಗಲ ರಾಶಿ. ಕುಕ್ಕರುಗಾಲಲ್ಲಿ ಕುಳಿತು ಅದನ್ನು ನೋಡಿ. ಮೇಲಿನ ಕಾಳು ಕಪ್ಪಗೆ ಎಣ್ಣೆ ಸವರಿದಂತೆ ಹೊಳೆಯುತ್ತಿದ್ದರೆ ಅದು ಹಿಂದಿನ ರಾತ್ರಿಯದು ಅಥವಾ ಆ ಬೆಳಗಿನದು. ಹೊಳಪು ಹೋಗಿ ಕಂದು ತಿರುಗಿದ್ದು ಕೆಲವು ದಿನದ್ದು. ಬೂದಿಬಣ್ಣಕ್ಕೆ ತಿರುಗಿ, ಕಡ್ಡಿಯಿಂದ ಒತ್ತಿದರೆ ಪುಡಿಯಾಗುವುದು ಹಳೆಯದು. ಮೂರೂ ಬಣ್ಣ ಒಂದರ ಮೇಲೊಂದು ಇದ್ದರೆ ಪ್ರಾಣಿ ಇನ್ನೂ ಅದೇ ಸುತ್ತಿನಲ್ಲಿದೆ. ಬರೀ ಬೂದಿಬಣ್ಣ ಇದ್ದರೆ ಅಲ್ಲಿ ಕಾಯುವುದು ದಂಡ. ಒಂದು ಎಚ್ಚರ: ಕೃಷ್ಣಮೃಗವೂ ರಾಶಿ ಹಾಕುತ್ತದೆ, ಆದರೆ ಅದು ಬಯಲಿನ ಪ್ರಾಣಿ, ಕುರುಚಲಿನ ಒಳಗೆ ನುಗ್ಗುವುದಿಲ್ಲ. ಇನ್ನು ಹೆಜ್ಜೆ: ಆಡಿನ ಗೊರಸಿನ ತುದಿ ಮೊಂಡು, ಇದರದ್ದು ಚೂಪು.

ಹೊಸ ರಾಶಿ ಸಿಕ್ಕರೆ ಅದರ ಪಕ್ಕ ಕೂರಬೇಡಿ. ಅದಕ್ಕೂ ನೀರಿಗೂ ನಡುವಿನ ದಾರಿ ಊಹಿಸಿ, 60–80 ಮೀಟರ್ ಹಿಂದೆ ಸರಿದು, ಸೂರ್ಯ ನಿಮ್ಮ ಬೆನ್ನಿಗೆ ಬರುವಂತೆ ಪೊದೆಯ ನೆರಳಲ್ಲಿ ಕೂರಿ. ಒಂದು ಚಿಟಿಕೆ ಧೂಳು ಎತ್ತಿ ಬಿಟ್ಟರೆ ಗಾಳಿ ಎತ್ತ ಎಂದು ಗೊತ್ತಾಗುತ್ತದೆ. ಅದು ನಿಮ್ಮಿಂದ ನೀರಿನ ಕಡೆ ಬೀಸುತ್ತಿದ್ದರೆ ಜಾಗ ಬದಲಿಸಿ. ಕೊಂಡುಕುರಿಗೆ ದಿನವೂ ನೀರು ಬೇಕು, ಚಿಂಕಾರ ಎಂಬ ಇನ್ನೊಂದು ಹುಲ್ಲೆಯ ಹಾಗೆ ಎಲೆಯ ಪಸೆಯಲ್ಲೇ ದಿನ ದೂಡುವುದಿಲ್ಲ. ನೀರಿನ ಬಾಯಲ್ಲೇ ಕುಳಿತರೆ ಫೋಟೊ ಸಿಗಬಹುದು, ಆದರೆ ಸುತ್ತ ಬೇರೆ ನೀರಿಲ್ಲದ ದಿನಗಳಲ್ಲಿ ಪ್ರಾಣಿ ಬಾಯಾರಿಯೇ ಹಿಂತಿರುಗುತ್ತದೆ. ಇಂಥ ಫೋಟೊಗೆ ಬೆಲೆಯಿಲ್ಲ.

ಕಾಣಿಸಿಕೊಂಡಾಗ ಏನಾಗುತ್ತದೆ? ಮೊದಲು ಕಿವಿ ಕಾಣುತ್ತದೆ. ಅಗಲ ಕಿವಿ, ಹುಲ್ಲಿನ ಮೇಲೆ ಎರಡು ಎಲೆ ಅಲ್ಲಾಡಿದಂತೆ. ನಿಮ್ಮ ಸುಳಿವು ಸಿಕ್ಕರೆ ಅದು ಓಡುವುದಿಲ್ಲ, ಕಲ್ಲಾಗಿ ನಿಲ್ಲುತ್ತದೆ. ಆ ನಿಮಿಷದಲ್ಲಿ ಕ್ಯಾಮೆರಾ ಎತ್ತಿದರೆ ಮುಗಿಯಿತು, ತೂಗಾಡುವಂಥ ನೆಗೆತದಲ್ಲಿ ಪೊದೆ ಸೇರುತ್ತದೆ. ದುರ್ಬೀನನ್ನು ಮೊದಲೇ ಕಣ್ಣಿನ ಮಟ್ಟದಲ್ಲಿ ಹಿಡಿದು ಕೂರಬೇಕು. 8×42, ಅಂದರೆ ಎಂಟು ಪಟ್ಟು ಹಿಗ್ಗಿಸಿ ತೋರಿಸುವಂಥದ್ದು ಸಾಕು. 10 ಪಟ್ಟಿನದು ಕೈಯಲ್ಲಿ ನಡುಗುತ್ತದೆ, ಕುರುಚಲಲ್ಲಿ ಅಷ್ಟು ದೂರ ನೋಟವೂ ಹರಿಯುವುದಿಲ್ಲ. ಹೋದ ಮೊದಲ ಬೆಳಗ್ಗೆಯೇ ಕೊಂಡುಕುರಿ ಕಂಡವರು ಪುಣ್ಯವಂತರು, ಹಿಕ್ಕೆ, ಹೆಜ್ಜೆ ಕಂಡು ಬಂದವರೇ ಜಾಸ್ತಿ.

ಎಂಟೂವರೆ, ಒಂಬತ್ತರ ಹೊತ್ತಿಗೆ ಹಳ್ಳಿಯಿಂದ ಆಡು–ಕುರಿ, ಜೊತೆಗೆ ನಾಯಿಗಳು ಕಾಡಂಚಿಗೆ ಬರುತ್ತವೆ. ಅಲ್ಲಿಗೆ ಬೆಳಗಿನ ಆಟ ಮುಗಿದಂತೆ. ಕುರಿ ಕಾಯುವವರನ್ನು ಕಂಡು ಮುಖ ತಿರುಗಿಸಿಕೊಂಡು ಹೋಗುವ ಕ್ಯಾಮೆರಾದವರೂ ಇದ್ದಾರೆ. ‘ಯಜಮಾನ್ರೇ, ಈ ಕಡೆ ಕರಡಿ ಏನಾದ್ರೂ ಕಂಡಿತಾ?’ ಎಂದು ಒಂದು ಮಾತು ಕೇಳಿದರೆ ಅರ್ಧ ದಿನದ ಅಲೆದಾಟ ಉಳಿಯುತ್ತದೆ.

ಹತ್ತರಿಂದ ಮೂರೂವರೆವರೆಗೆ ಕಾಡಿನಲ್ಲಿ ಏನೂ ಇಲ್ಲ, ಬಿಸಿಲು ಮಾತ್ರ. ಜಗಳೂರಿಗೆ ಬಂದು ಊಟ, ನಿದ್ದೆ. ಸಂಜೆ ನಾಲ್ಕೂವರೆಗೆ ಮತ್ತೆ ಕಾಡಂಚಿನ ಹೊಲಗಳ ಕಡೆ. ನವಿಲು, ಗೌಜುಗ, ಮೊಲ, ಅದೃಷ್ಟ ಇದ್ದರೆ ನರಿ. ಕತ್ತಲಾಗುವ ಮುನ್ನ ಚಿತ್ರದುರ್ಗದ ದಾರಿ ಹಿಡಿಯಿರಿ, ಅಲ್ಲಿಗೆ ಸುಮಾರು 45 ಕಿ.ಮೀ. ಮುಸ್ಸಂಜೆಯಲ್ಲಿ ನತ್ತಿಂಗ ಹಕ್ಕಿ ಬೆಚ್ಚನೆಯ ಡಾಂಬರಿನ ಮೇಲೆ ಬಂದು ಕೂರುತ್ತದೆ. ಹೆಡ್‌ಲೈಟಿಗೆ ಕೆಂಡದಂಥ ಎರಡು ಚುಕ್ಕೆ ಹೊಳೆದರೆ ವೇಗ ತಗ್ಗಿಸಿ, ಕೊನೆ ಗಳಿಗೆಯವರೆಗೂ ಅದು ಏಳುವುದಿಲ್ಲ.

ಭಾನುವಾರ: ಜೋಗಿಮಟ್ಟಿ, ಚಂದ್ರವಳ್ಳಿ

ಚಿತ್ರದುರ್ಗದಿಂದ ಜೋಗಿಮಟ್ಟಿಯ ನೆತ್ತಿಗೆ ಹತ್ತು ಕಿಲೋಮೀಟರ್ ಚಿಲ್ಲರೆ. ಎತ್ತರ 3,800 ಅಡಿ, ಅಂದರೆ ಊರಿಗಿಂತ 400 ಮೀಟರಿಗೂ ಮೇಲೆ. ಊರಿನಲ್ಲಿ ಬೆವರುತ್ತಿದ್ದವರು ಅಲ್ಲಿ ಸ್ವೆಟರ್ ಹುಡುಕುತ್ತಾರೆ. ಮಧ್ಯ ಕರ್ನಾಟಕದ ಊಟಿ ಎಂಬ ಬಿರುದು ಇದಕ್ಕೆ ಅಂಟಿಕೊಂಡಿದೆ. ಊಟಿಯನ್ನು ನಿರೀಕ್ಷಿಸಿ ಹೋದರೆ ನಿರಾಸೆ. ಬಯಲುಸೀಮೆಯ ನಡುವೆ ಗಾಳಿ, ಮಂಜು, ಹುಲ್ಲು ಸಿಕ್ಕ ಒಂದು ಗುಡ್ಡ ಎಂದುಕೊಂಡು ಹೋದರೆ ಮನಸ್ಸು ತುಂಬುತ್ತದೆ.

ದಾರಿಯಲ್ಲಿ ಆಡುಮಲ್ಲೇಶ್ವರ, ಅಲ್ಲಿ ಪುಟ್ಟ ಪ್ರಾಣಿ ಸಂಗ್ರಹಾಲಯವಿದೆ. ಅದನ್ನು ಮರಳುವಾಗ ನೋಡಿದರಾಯ್ತು. ಅರಣ್ಯ ಇಲಾಖೆಯ ಗೇಟಿನಲ್ಲಿ ಚೀಲ ತೆರೆದು ತೋರಿಸಬೇಕು. ಪ್ಲಾಸ್ಟಿಕ್, ಬೀಡಿ–ಸಿಗರೇಟು, ಮದ್ಯ ಏನಿದ್ದರೂ ಅಲ್ಲೇ ಉಳಿಯುತ್ತದೆ. ಸಂಜೆಯ ಮೇಲೆ ಗುಡ್ಡದಲ್ಲಿ ಉಳಿಯುವಂತಿಲ್ಲ, ಟೆಂಟ್ ಹಾಕುವ ಮಾತೇ ಇಲ್ಲ.

ಮೊದಲ ಗಂಟೆಯಲ್ಲಿ ಏರುದಾರಿಯ ತಿರುವುಗಳಲ್ಲಿ ಗಾಡಿ ನಿಲ್ಲಿಸಿ ಹಕ್ಕಿ ನೋಡಿ. ಬಂಡೆ, ಪೊದೆ ಕೂಡಿದ ಇಳಿಜಾರಿನಲ್ಲಿ ಚಿಟ್ಟುಕೋಳಿ ತರಗೆಲೆ ಕೆದಕುವ ಸದ್ದು ಕೇಳುತ್ತದೆ, ಕಾಣುವುದು ಆಮೇಲೆ. ಹಳದಿ ಗಂಟಲಿನ ಪಿಕಳಾರ ಇಂಥ ದಖನ್ನಿನ ಬಂಡೆಗುಡ್ಡಗಳಿಗೇ ಸೀಮಿತವಾದ ಹಕ್ಕಿ, ಜಗತ್ತಿನಲ್ಲಿ ದಕ್ಷಿಣ ಭಾರತ ಬಿಟ್ಟು ಬೇರೆಲ್ಲೂ ಇಲ್ಲ. ಮಾಮೂಲಿ ಪಿಕಳಾರದ ಸದ್ದು ಕೇಳಿ ತಾತ್ಸಾರ ಮಾಡಬೇಡಿ, ಒಮ್ಮೆ ಗಂಟಲು ನೋಡಿಯೇ ಬಿಡಿ. ಬಿಸಿಲೇರಿ ಗಾಳಿ ಬಿಸಿಯಾದ ಮೇಲೆ ಹದ್ದು, ಹಾವುಗಿಡುಗಗಳು ಗುಡ್ಡದ ಅಂಚು ಹಿಡಿದು ತೇಲುತ್ತವೆ. ಗಾಳಿಯಂತ್ರಗಳು ಸುತ್ತಲ ಗುಡ್ಡಗಳ ಸಾಲನ್ನೇ ಆರಿಸಿಕೊಂಡಿರುವುದೂ ಅದೇ ಗಾಳಿಯ ಆಸೆಗೆ.

ಕರಡಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿ ಜನರಿಗೆ ಅಪಾಯ ಆಗುವುದಿದ್ದರೆ ಚಿರತೆಗಿಂತ ಕರಡಿಯಿಂದಲೇ ಹೆಚ್ಚು. ಚಿರತೆ ಸದ್ದು ಕೇಳಿದ ಕೂಡಲೇ ಸರಿದುಹೋಗುತ್ತದೆ. ಕರಡಿ ಹುತ್ತಕ್ಕೆ ಮೂತಿ ತೂರಿಸಿ ಗೆದ್ದಲು ಹೀರುತ್ತಿದ್ದರೆ ಆ ಗದ್ದಲದಲ್ಲಿ ಅದಕ್ಕೆ ನಿಮ್ಮ ಹೆಜ್ಜೆ ಕೇಳುವುದಿಲ್ಲ. ದೃಷ್ಟಿಯೂ ಅಷ್ಟಕ್ಕಷ್ಟೆ. ಹತ್ತಡಿ ದೂರದಲ್ಲಿ ತಲೆ ಎತ್ತಿ ಮನುಷ್ಯನನ್ನು ಕಂಡರೆ ಹೆದರಿ ಮೇಲೇ ಬೀಳುತ್ತದೆ. ಬುಡ ಬಗೆದ ಹುತ್ತ, ಹಸಿ ಮಣ್ಣಿನ ಮೇಲೆ ಉಗುರಿನ ಗೀರು, ಎಲಚಿ ಬೀಜ ತುಂಬಿದ ಲದ್ದಿ ಕಂಡಲ್ಲಿಂದ ಮುಂದೆ ಮೌನವಾಗಿ ನಡೆಯಬೇಡಿ. ಮಾಮೂಲಿ ದನಿಯಲ್ಲಿ ಮಾತಾಡುತ್ತಾ ಹೋಗಿ. ಎದುರಾದರೆ ಓಡಬಾರದು, ಮುಖ ಅದರ ಕಡೆಗಿಟ್ಟೇ ಹಿಂದೆ ಹಿಂದೆ ಸರಿಯಬೇಕು. ಮೈಮೇಲೆ ಬಂದೇ ಬಿಟ್ಟರೆ ಬೋರಲು ಮಲಗಿ, ಎರಡೂ ಕೈ ಕತ್ತಿನ ಹಿಂದೆ. ಅದು ಹುಡುಕುವುದು ಮುಖವನ್ನೇ.

ಹಿಮವತ್ಕೇದಾರದ ಜಲಪಾತಕ್ಕೆ ಇಳಿಯುವುದಿದ್ದರೆ ಮಳೆ ಬಿದ್ದ ವಾರ ಮಾತ್ರ ಅರ್ಥವಿದೆ, ಆದರೆ ಜಾರಿ ಕಾಲು ಮುರಿದುಕೊಳ್ಳುವುದೂ ಅದೇ ವಾರ. ಜನವರಿಯಲ್ಲಿ ಅಲ್ಲಿ ಒದ್ದೆ ಬಂಡೆ ಬಿಟ್ಟು ಹೆಚ್ಚೇನೂ ಉಳಿದಿರುವುದಿಲ್ಲ.

ಇಳಿಯುವಾಗ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸುವ ಚಾಳಿ ಬೇಡ. ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿಯಬೇಕು, ಬ್ರೇಕು ತಿರುವಿಗೆ ಮುಂಚೆ ಮಾತ್ರ. ಒಂದೇ ಸಮ ಒತ್ತಿ ಹಿಡಿದರೆ ಪ್ಯಾಡು ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಲಿವರ್ ಎಷ್ಟು ಒತ್ತಿದರೂ ಬ್ರೇಕು ಹಿಡಿಯುವುದಿಲ್ಲ. ವಾಸನೆ ಬಂದರೆ ನಿಲ್ಲಿಸಿ ಕಾಲು ಗಂಟೆ ಆರಲು ಬಿಡಿ. ಬಿಸಿ ಡಿಸ್ಕಿಗೆ ನೀರು ಸುರಿದರೆ ಅದು ಸೊಟ್ಟಗಾಗುವ ಭಯವಿದೆ.

ಸಂಜೆ ನಾಲ್ಕಕ್ಕೆ ಚಂದ್ರವಳ್ಳಿ, ಊರಿನ ಮಗ್ಗುಲಲ್ಲೇ. ಕೆರೆ, ಸುತ್ತ ಗುಡ್ಡ. 1929ರಲ್ಲಿ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಎಂಬ ಪುರಾತತ್ವಜ್ಞರು ಇಲ್ಲಿ ಅಗೆಸಿದಾಗ ಶಾತವಾಹನರ ನಾಣ್ಯಗಳ ಜೊತೆ ರೋಮಿನ ಬೆಳ್ಳಿ ನಾಣ್ಯಗಳೂ ಸಿಕ್ಕವು. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಅದು ಹೇಳುವ ಮುಖ್ಯ ಸಂಗತಿ ಕೆರೆಯದು, ಮಯೂರಶರ್ಮ ಮಾಡಿಸಿದ ತಟಾಕದ್ದು. ರಾಜ ತಾನು ಗೆದ್ದ ನಾಡುಗಳ ಪಟ್ಟಿಯ ಜೊತೆ ಕೆರೆಯನ್ನೂ ಬಂಡೆಗೆ ಬರೆಸಿದ ಎಂದರೆ ಈ ನೆಲದಲ್ಲಿ ನೀರಿನ ತೂಕ ಎಷ್ಟೆಂದು ತಿಳಿಯಬಹುದು.

ಅಂಕಲಿ ಮಠದ ಗವಿ ಒಳಗೆ ಹಗಲಲ್ಲೂ ಗವ್ವೆನ್ನುವ ಕತ್ತಲು. ಕೋಣೆಯಿಂದ ಕೋಣೆಗೆ ತಗ್ಗು ಬಾಗಿಲು, ಇಳಿಯುವ ಮೆಟ್ಟಿಲು. ದಾರಿ ತೋರಿಸುವವರು ಜೊತೆಗಿದ್ದರಷ್ಟೇ ಇಳಿಯಿರಿ. ಮೊಬೈಲ್ ಬೆಳಕನ್ನು ನೆಚ್ಚಬೇಡಿ, ತಲೆಗೆ ಕಟ್ಟುವ ಟಾರ್ಚ್ ಇದ್ದರೆ ಎರಡೂ ಕೈ ಖಾಲಿ ಸಿಗುತ್ತವೆ. ಒಳಗೆ ಗಾಳಿ ಓಡಾಟ ಕಡಿಮೆ, ಉಬ್ಬಸ ಇರುವವರು ಹೊರಗೇ ಕೂರುವುದು ಲೇಸು. ತಗ್ಗು ಬಾಗಿಲಲ್ಲಿ ತಲೆಗಿಂತ ಬೆನ್ನಿನ ಚೀಲ ಸಿಕ್ಕಿಕೊಳ್ಳುವುದು ಹೆಚ್ಚು, ಅದನ್ನು ಗಾಡಿಯಲ್ಲೇ ಬಿಟ್ಟಿರಿ. ಕೆರೆಗೆ ಈಜಲು ಇಳಿಯಬೇಡಿ.

ಸೋಮವಾರ: ಕೋಟೆ, ಮರಡಿಹಳ್ಳಿ, ಮಾರಿಕಣಿವೆ

ಕೋಟೆಯ ಬಾಗಿಲು ತೆರೆದ ಕೂಡಲೇ ಒಳಗಿರಬೇಕು. ಹತ್ತೂವರೆಯ ಮೇಲೆ ಬಂಡೆ ಕಾದ ಹೆಂಚಾಗುತ್ತದೆ. ಏಳು ಸುತ್ತಿನ ಕೋಟೆ, ಮದಕರಿ ನಾಯಕ, 1779ರಲ್ಲಿ ಹೈದರಾಲಿಯ ಕೈಗೆ ಬಿದ್ದದ್ದು, ಇವೆಲ್ಲ ಶಾಲೆಯಲ್ಲೇ ಓದಿದ್ದು. ಹೆಬ್ಬಾಗಿಲುಗಳು ಯಾಕೆ ನೇರ ಇಲ್ಲ ಎಂಬುದನ್ನು ಮಾತ್ರ ನಡೆಯುತ್ತಾ ನೋಡಿ. ಪ್ರತಿ ಬಾಗಿಲ ಎದುರು ದಾರಿ ಥಟ್ಟನೆ ತಿರುಗುತ್ತದೆ. ಆನೆಗೆ ಓಡಿಬಂದು ಗುದ್ದಲು ಹಾದಿ ಸಿಗಬಾರದು ಎಂಬ ಲೆಕ್ಕ.

ನೀರಿನ ಲೆಕ್ಕ ಇನ್ನೂ ಸೊಗಸು. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ಅಕ್ಕ–ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಕೋಟೆಯ ಕೆಳಗಿನ ಸಂತೆ ಹೊಂಡಕ್ಕೆ. ಬೋಳು ಬಂಡೆಯ ಮೇಲೆ ಬಿದ್ದ ಮಳೆ ಇಂಗಲು ಜಾಗವಿಲ್ಲ, ಹರಿಯಲೇಬೇಕು. ಆ ಹರಿವನ್ನೇ ಕಟ್ಟೆ ಹಾಕಿ ಮೆಟ್ಟಿಲು ಮೆಟ್ಟಿಲಾಗಿ ಹಿಡಿದಿದ್ದಾರೆ. ಓಬವ್ವನ ಕಿಂಡಿಯ ಬಳಿಯ ತಣ್ಣೀರು ದೋಣಿಗೆ ಬಗ್ಗಿ ಕೈಯಿಟ್ಟು ನೋಡಿ, ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಗಂಡನಿಗೆ ಊಟಕ್ಕಿಟ್ಟು ನೀರಿಗೆಂದು ಇಲ್ಲಿಗೆ ಬಂದಾಗಲೇ ಓಬವ್ವನಿಗೆ ಕಿಂಡಿಯಲ್ಲಿ ತೂರುತ್ತಿದ್ದ ಶತ್ರುಗಳು ಕಂಡದ್ದು ಎಂಬುದು ಎಲ್ಲರಿಗೂ ಗೊತ್ತಿರುವ ಕಥೆ.

ತುಪ್ಪದ ಕೊಳದ ಏರು ಈ ಪ್ರವಾಸದಲ್ಲಿ ಮೈನಡುಗಿಸುವ ಜಾಗ. ಇಳಿಜಾರು ಬಂಡೆಗೆ ಪಾದದ ಮುಂಭಾಗ ಹಿಡಿಯುವಷ್ಟು ಕುಳಿಗಳನ್ನು ಕೊರೆದಿದ್ದಾರೆ. ಹೊಸಬರು ಹೆದರಿ ಬಂಡೆಗೆ ಮೈ ಅಂಟಿಸುತ್ತಾರೆ, ಜಾರುವುದು ಹಾಗೆ ಮಾಡಿದಾಗಲೇ. ಮೈ ಮುಂದೆ ಬಾಗಿದಷ್ಟೂ ಕಾಲು ಹಿಂದಕ್ಕೆ ತಳ್ಳುತ್ತದೆ. ಸೊಂಟ ಹೊರಗಿಟ್ಟು, ಭಾರ ಪೂರ್ತಿ ಪಾದದ ಮೇಲೆ ಹಾಕಿ, ಸಣ್ಣ ಸಣ್ಣ ಹೆಜ್ಜೆ. ಹತ್ತುವ ಮೊದಲು ಅಟ್ಟೆಗೆ ಅಂಟಿದ ಮರಳನ್ನು ಪ್ಯಾಂಟಿಗೆ ಒರೆಸಿಕೊಳ್ಳಿ, ಆ ನಾಲ್ಕು ಕಾಳು ಮರಳೇ ಉರುಳೆಯಾಗುತ್ತದೆ. ಹತ್ತುವುದು ಸುಲಭ, ಇಳಿಯುವುದು ಕಷ್ಟ. ಬಂಡೆಗೆ ಮುಖ ಮಾಡಿ, ಏಣಿ ಇಳಿದಂತೆ ಇಳಿಯಿರಿ. ಮಳೆ ಬಿದ್ದಿದ್ದರೆ, ಬೆಳಗಿನ ಇಬ್ಬನಿ ಆರಿರದಿದ್ದರೆ ಬೇಡವೇ ಬೇಡ: ಒಣಗಿದಾಗ ಗಟ್ಟಿ ಹಿಡಿಯುವ ಕಲ್ಲುಹೂವು ನೆನೆದರೆ ಲೋಳೆ. ಕಾವಲುಗಾರರು ತಡೆದರೆ ವಾದ ಬೇಡ. ಸಂರಕ್ಷಿತ ಸ್ಮಾರಕವಾದ್ದರಿಂದ ಬಂಡೆಗೆ ಬೋಲ್ಟ್ ಹೊಡೆದು ಹಗ್ಗ ಕಟ್ಟುವ ಸಾಹಸಕ್ಕೂ ಇಲ್ಲಿ ಅವಕಾಶವಿಲ್ಲ.

ಚಾಚಿದ ಬಂಡೆಯ ಅಡಿಯಲ್ಲಿ ಕಪ್ಪು ಮೊರದಂತೆ ಹೆಜ್ಜೇನು ತೂಗುತ್ತಿರುವುದನ್ನು ತಲೆ ಎತ್ತಿ ನೋಡುವ ರೂಢಿ ಇರಲಿ. ಸೆಂಟು, ಹೊಗೆ, ಕೂಗಾಟ ಮೂರೂ ಅದಕ್ಕೆ ಆಗದು. ಎದ್ದವೆಂದರೆ ಬಟ್ಟೆಯಿಂದ ಮುಖ ಮುಚ್ಚಿ, ಕಾಲಿಗೆ ಬುದ್ಧಿ ಹೇಳಿ, ಕೈ ಬೀಸಬೇಡಿ. ಹೊಂಡಕ್ಕೆ ಹಾರಿದರೆ ತಲೆ ಎತ್ತುವುದನ್ನೇ ಕಾಯುತ್ತವೆ. ಮುಳ್ಳನ್ನು ಉಗುರಿನಿಂದಲೋ ಎಟಿಎಂ ಕಾರ್ಡಿನಿಂದಲೋ ತಡಮಾಡದೆ ಕೆರೆದು ತೆಗೆಯಿರಿ, ಅದು ಮೈಯಲ್ಲಿದ್ದಷ್ಟು ಹೊತ್ತೂ ವಿಷ ಇಳಿಯುತ್ತಿರುತ್ತದೆ. ಹತ್ತಾರು ಕುಟುಕಿದ್ದರೆ, ಉಸಿರು ಬಿಗಿದರೆ, ತುಟಿ ಊದಿದರೆ 108.

ಹಾವು ಕಚ್ಚಿದರೂ ಅದೇ 108. ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕಾಲನ್ನು ಅಲ್ಲಾಡದಂತೆ ಕೋಲಿಗೆ ಹಗುರಾಗಿ ಕಟ್ಟಿ ಆಸ್ಪತ್ರೆಗೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಪ್ರತಿವಿಷ. ಹಾವನ್ನು ಹಿಡಿದು ತರುವ ಶೂರತನದಲ್ಲಿ ಎರಡನೆಯವರೂ ಕಚ್ಚಿಸಿಕೊಂಡದ್ದುಂಟು.

ಹತ್ತೂವರೆಗೆ ಕೋಟೆ ಇಳಿದು, ತಿಂಡಿ ಮುಗಿಸಿ ಹಿರಿಯೂರಿನ ದಾರಿ. ನಡುವೆ ಮರಡಿಹಳ್ಳಿಗೆ ಹೊರಳಿದರೆ ದಿಂಬಿನಂತೆ ಒಂದರ ಮೇಲೊಂದು ಒರಗಿದ ಕಲ್ಲುಗಳು ಕಾಣುತ್ತವೆ. ಸುಮಾರು 250 ಕೋಟಿ ವರ್ಷ ಹಿಂದೆ ನೀರಿನೊಳಗೆ ಉಕ್ಕಿದ ಲಾವಾ ಹೊರಗಿನಿಂದ ಬೇಗ ತಣಿದು ಉಂಡೆ ಉಂಡೆಯಾದದ್ದು ಇವು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ದಿಂಬಿನ ಉಬ್ಬು ಮೇಲಕ್ಕೆ, ಚೂಪು ಬಾಲ ಕೆಳಕ್ಕೆ. ಅದನ್ನು ನೋಡಿಯೇ ಆಗ ಯಾವುದು ಮೇಲಾಗಿತ್ತು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅರ್ಧ ಗಂಟೆ ಸಾಕು. ಚಕ್ಕೆ ಒಡೆದು ಜೇಬಿಗೆ ಹಾಕಬೇಡಿ.

ಮಾರಿಕಣಿವೆಯಲ್ಲಿ ವೇದಾವತಿಗೆ ಎರಡು ಗುಡ್ಡಗಳ ನಡುವಿನ ಸಂದಿಯಲ್ಲಿ ಕಟ್ಟಿದ ಅಣೆಕಟ್ಟೆ 1907ರಲ್ಲಿ ಮುಗಿಯಿತು. ಹಿಡಿಯುವ ನೀರು 30 ಟಿಎಂಸಿ, ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಆಮೇಲೆ 2025ರ ಜನವರಿಯಲ್ಲಿ. ಹಿರಿಯೂರು ಸೀಮೆಯ ಹಿರಿಯರಲ್ಲಿ ಕೋಡಿಯನ್ನು ಕಣ್ಣಾರೆ ಕಾಣದೆಯೇ ಕಣ್ಮುಚ್ಚಿದವರು ಎಷ್ಟೋ ಜನ. ಹಿನ್ನೀರಿನ ಅಂಚಿನ ಹಕ್ಕಿಗಳನ್ನು ನೋಡಲು ಮಧ್ಯಾಹ್ನ ಒಳ್ಳೆಯ ಹೊತ್ತಲ್ಲ, ನೀರಿನ ಮೇಲೆ ಬಿಸಿಲು ಕುಣಿದು ದುರ್ಬೀನಿನಲ್ಲಿ ಎಲ್ಲವೂ ನಡುಗುತ್ತದೆ. ಕಣಿವೆ ಮಾರಮ್ಮನಿಗೆ ಕೈಮುಗಿದು, ಹಿರಿಯೂರಿನಲ್ಲಿ ಊಟ ಮಾಡಿ ಹೆದ್ದಾರಿ ಹತ್ತಿದರೆ ದಾವಣಗೆರೆಗೆ ನೂರು ಕಿಲೋಮೀಟರ್.

ಮನೆ ಸೇರಿದ ಮೇಲೆ ಮಲಗುವ ಮುನ್ನ ಒಂದು ಕೆಲಸ ಬಾಕಿ. ಮೂರೂ ದಿನದ ಬಟ್ಟೆಯನ್ನು ಬಾಗಿಲಾಚೆಯೇ ಕೊಡವಿ ಬಿಸಿನೀರಿಗೆ ಹಾಕಿ. ಮೊಣಕಾಲ ಹಿಂದೆ, ಸೊಂಟದ ಪಟ್ಟಿಯಡಿ, ಕಂಕುಳಲ್ಲಿ ಉಣುಗು ಕಚ್ಚಿಕೊಂಡಿದೆಯೇ ನೋಡಿಕೊಳ್ಳಿ. ಸಿಕ್ಕರೆ ಸೀಮೆಎಣ್ಣೆ, ಬೆಂಕಿಕಡ್ಡಿಯ ಪ್ರಯೋಗ ಬೇಡ. ಚಿಮ್ಮಟವನ್ನು ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು, ತಿರುಚದೆ, ನೇರ ಮೇಲಕ್ಕೆ ಎಳೆಯಿರಿ. ತಿರುಚಿದರೆ ತಲೆ ಒಳಗೇ ಉಳಿದು ವಾರಗಟ್ಟಲೆ ನವೆ ಹತ್ತುತ್ತದೆ.